ಎರಡು ಓಎಸ್ ಹಾಕಿದ ಮೇಲೆ ಏಳದ ಗಣಕ

1966ರಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯವೂ ಭಾರತೀಯ ಸಾಂಖ್ಯಿಕ ಸಂಸ್ಥೆಯೂ ಸೇರಿ ಐಎಸ್‌ಐಜೆಯು-1 ಎಂಬ ಟ್ರಾನ್ಸಿಸ್ಟರ್ ಗಣಕವನ್ನು ಕಟ್ಟಿದವು. ಅಂಥ ಗಣಕ ಕೈಕೊಟ್ಟರೆ ಕಾರಣ ಹುಡುಕುವವರು ಅದನ್ನು ಕಟ್ಟಿದವರೇ; ಸರ್ಕ್ಯೂಟಿನ ನಕ್ಷೆ ಅವರ ಬಳಿಯೇ ಇತ್ತು. ಇಂದು ಅದೇ ಜಾದವ್‌ಪುರದಲ್ಲೋ ಸುರತ್ಕಲ್‌ನಲ್ಲೋ ವಿಂಡೋಸ್ ಪಕ್ಕ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗೆ ಕಪ್ಪು ಪರದೆ ಎದುರಾದರೆ ಕೈಯಲ್ಲಿ ಯಾವ ನಕ್ಷೆಯೂ ಇರುವುದಿಲ್ಲ. ಅಂಗಡಿಗೆ ಒಯ್ದರೆ ‘ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತಾರೆ. ಬಹುಪಾಲು ಸಲ ಅದರ ಅಗತ್ಯವೇ ಇಲ್ಲ. ಕಡತಗಳೆಲ್ಲ ಇದ್ದಲ್ಲೇ ಇರುತ್ತವೆ. ಅವುಗಳತ್ತ ಒಯ್ಯುವ ದಾರಿ ಮಾತ್ರ ತುಂಡಾಗಿರುತ್ತದೆ.

ಆ ದಾರಿಯ ಮೊದಲ ರೂಪ ತೀರ ಇಕ್ಕಟ್ಟಿನದು. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಹಾರ್ಡ್ ಡಿಸ್ಕಿನ ಮೊದಲ ಸೆಕ್ಟರಿಗೆ ಮಾಸ್ಟರ್ ಬೂಟ್ ರೆಕಾರ್ಡ್ ಬಂತು. ಒಟ್ಟು 512 ಬೈಟು. ಅದರಲ್ಲಿ ಪ್ರೋಗ್ರಾಮಿಗೆ 446, ನಾಲ್ಕು ಪಾರ್ಟಿಶನ್‌ಗಳ ವಿವರಕ್ಕೆ 64, ಕೊನೆಯ ಎರಡು ಗುರುತಿಗೆ. ಜಾಗ ಒಂದೇ ಆದ್ದರಿಂದ ಕೊನೆಗೆ ಹಾಕಿದ ಓಎಸ್‌ನದೇ ಆಟ. ಲಿನಕ್ಸ್ ಇದ್ದ ಡಿಸ್ಕಿಗೆ ವಿಂಡೋಸ್ ಹಾಕಿದರೆ ಅದು ಕೇಳದೆಯೇ ಆ ಸೆಕ್ಟರನ್ನು ತಿದ್ದಿ ಬರೆಯುತ್ತಿತ್ತು. ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಎಂದು ಹಳಬರು ಇಂದಿಗೂ ಹೇಳುವುದು ಆ ಕಾಲದ ಪಾಠದಿಂದ.

1992ರಲ್ಲಿ ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ ಲಿನಕ್ಸನ್ನು ಎಬ್ಬಿಸುವ ಕೆಲಸ ವಹಿಸಿಕೊಂಡಿತು. ನಮ್ಮಲ್ಲಿ ಲಿನಕ್ಸಿನ ಪರಿಚಯ ಹರಡಿದ್ದಕ್ಕೆ ದೊಡ್ಡ ಕಾರಣ ಪಿಸಿಕ್ವೆಸ್ಟ್ ಪತ್ರಿಕೆ. ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಮುತುವರ್ಜಿಯಿಂದ ಅದು 1996ರಲ್ಲಿ ಲಿನಕ್ಸ್ ಸಿಡಿಯನ್ನು ಓದುಗರ ಮನೆಗೇ ಕಳಿಸಿತು. ಇಂಟರ್ನೆಟ್ ಡಯಲ್-ಅಪ್‌ನಲ್ಲಿ ತೆವಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ. ಲಿಲೋದ ಒಂದು ಗುಣ ನನಗೆ ಈಗಲೂ ಅಚ್ಚುಮೆಚ್ಚು: ಕೆಲಸದ ಪ್ರತಿ ಹಂತ ದಾಟಿದಂತೆ ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಪರದೆಗೆ ತರುತ್ತಿತ್ತು. ಎರಡೇ ಅಕ್ಷರಕ್ಕೆ ನಿಂತರೆ ಎರಡನೇ ಹಂತ ಸಿಕ್ಕಿದೆ, ಆದರೆ ಓಡುತ್ತಿಲ್ಲ ಎಂದರ್ಥ. ರೋಗದ ಜಾಗವನ್ನು ಯಂತ್ರವೇ ಹೇಳುತ್ತಿತ್ತು. ಆದರೆ ಲಿಲೋಗೆ ಕಡತ ವ್ಯವಸ್ಥೆ ಓದಲು ಬರುತ್ತಿರಲಿಲ್ಲ, ಲಿನಕ್ಸಿನ ತಿರುಳಾದ ಕರ್ನೆಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಿತ್ತು. ಕರ್ನೆಲ್ ಬದಲಿಸಿ ಲಿಲೋವನ್ನು ಮತ್ತೆ ಓಡಿಸಲು ಮರೆತರೆ ಗಣಕ ಏಳುತ್ತಿರಲಿಲ್ಲ.

ಎರಿಕ್ ಬೊಲೀನ್ 1995ರಲ್ಲಿ ಶುರು ಮಾಡಿ, ಮುಂದೆ ಗ್ನೂ ಯೋಜನೆ ಸೇರಿದ ಗ್ರಬ್ ಈ ಕೊರತೆ ನೀಗಿತು. ಅದು ಕಡತದ ಹೆಸರು ಹಿಡಿದೇ ಕರ್ನೆಲನ್ನು ಹುಡುಕಬಲ್ಲದು. ಇಂದು ಹೆಚ್ಚಾಗಿ ಕಾಣುವ ತೊಂದರೆಯೂ ಇದರದೇ. ಲಿನಕ್ಸ್ ಬೇಡವೆಂದು ವಿಂಡೋಸಿನೊಳಗಿಂದ ಅದರ ಪಾರ್ಟಿಶನ್ ಅಳಿಸಿಬಿಡುತ್ತಾರೆ. ಹಳೆಯ ಬಗೆಯ ಗಣಕದಲ್ಲಿ ಗ್ರಬ್‌ನ ಮೊದಲ ತುಣುಕು ಬೂಟ್ ರೆಕಾರ್ಡಿನಲ್ಲೂ ಅದರ ನಂತರದ ಖಾಲಿ ಸೆಕ್ಟರುಗಳಲ್ಲೂ ಉಳಿದಿರುತ್ತದೆ, ಉಳಿದ ಭಾಗ ಅಳಿಸಿದ ಪಾರ್ಟಿಶನ್ ಜೊತೆಗೇ ಹೋಗಿರುತ್ತದೆ. ಮುಂದಿನದು ಸಿಗದೆ ಅದು ‘ಗ್ರಬ್ ರೆಸ್ಕ್ಯೂ’ ಎಂದು ನಿಲ್ಲುತ್ತದೆ. ವಿಂಡೋಸಿಗೆ ಕೂದಲೂ ಕೊಂಕಿರುವುದಿಲ್ಲ! ಅದರ ರಿಕವರಿ ಡಿಸ್ಕ್ ಹಾಕಿ ಬೂಟ್ ರೆಕಾರ್ಡನ್ನು ಮರಳಿ ಬರೆಸಿದರೆ ಸಾಕು. ಇದಕ್ಕೆ ತಿರುಗುಮುರುಗಾದದ್ದು, ವಿಂಡೋಸ್ ಬಂದು ಗ್ರಬ್ ಅಳಿಸಿದ್ದು. ಆಗ ಲೈವ್ ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಡಿಸ್ಕಿನಲ್ಲಿರುವ ಲಿನಕ್ಸ್ ಪಾರ್ಟಿಶನ್ ಮೌಂಟ್ ಮಾಡಿ, ಅದರೊಳಗೆ ಹೊಕ್ಕು ಗ್ರಬ್ಬನ್ನು ಮತ್ತೆ ಕೂರಿಸಬೇಕು. ಗಾಬರಿ ಬೇಡದ ಇನ್ನೊಂದು ಸಂಗತಿ: 2021ರ ಗ್ರಬ್ 2.06 ಬಂದಮೇಲೆ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಮೆನುವಿನಿಂದ ವಿಂಡೋಸ್ ಮಾಯವಾಗಿದ್ದರೆ ಗ್ರಬ್‌ನ ಸೆಟ್ಟಿಂಗ್ ಕಡತದ ಒಂದು ಸಾಲು ಬದಲಿಸಿ, ಮೆನುವನ್ನು ಮತ್ತೆ ತಯಾರಿಸಬೇಕು, ಅಷ್ಟೆ.

ಹಳೆಯ ಬಯೋಸ್ ಜಾಗಕ್ಕೆ ಯುಇಎಫ್ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಬಂದ ಮೇಲೆ ಒಂದೇ ಸೆಕ್ಟರಿಗಾಗಿ ನಡೆಯುತ್ತಿದ್ದ ಜಗಳ ತಗ್ಗಿತು. ಈಗ ಇಎಫ್ಐ ಸಿಸ್ಟಮ್ ಪಾರ್ಟಿಶನ್ನಿನಲ್ಲಿ ಪ್ರತಿ ಓಎಸ್‌ಗೂ ತನ್ನದೇ ಫೋಲ್ಡರ್; ಯಾವುದು ಮೊದಲು ಎಂಬುದು ಮದರ್‌ಬೋರ್ಡಿನ ನೆನಪಿನಲ್ಲಿ. ಹಾಗಾಗಿ ರಿಪೇರಿಗೆ ಇಳಿಯುವ ಮುನ್ನ ಬೂಟ್ ಮೆನು ತೆರೆದು ನೋಡಿ. ಎಷ್ಟೋ ಸಲ ಅನುಕ್ರಮ ಬದಲಿಸಿದರೇ ಗಣಕ ಎದ್ದುಬಿಡುತ್ತದೆ. ಒಂದು ಓಎಸ್ಸನ್ನು ಹಳೆಯ ಬಯೋಸ್ ಬಗೆಯ ‘ಲೆಗಸಿ’ ವಿಧಾನದಲ್ಲೂ ಇನ್ನೊಂದನ್ನು ಯುಇಎಫ್ಐನಲ್ಲೂ ಹಾಕಿದ್ದರೆ ಮಾತ್ರ ಎರಡೂ ಒಂದೇ ಮೆನುವಿಗೆ ಬರಲು ಒಲ್ಲೆ ಎನ್ನುತ್ತವೆ.

2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ವ್ಯಾಪಕವಾಯಿತು. ಸಹಿ ಇಲ್ಲದ ಬೂಟ್‌ಲೋಡರ್ ಓಡುವುದಿಲ್ಲ. ಮೈಕ್ರೋಸಾಫ್ಟ್ ಸಹಿ ಹೊತ್ತ ‘ಶಿಮ್’ ಎಂಬ ಪುಟ್ಟ ಪ್ರೋಗ್ರಾಮಿನ ಮೂಲಕ ಲಿನಕ್ಸ್ ಒಳಬರಬೇಕಾಯಿತು. 2020ರಲ್ಲಿ ಗ್ರಬ್‌ನಲ್ಲೇ ಬೂಟ್‌ಹೋಲ್ ಎಂಬ ದೋಷ ಬಯಲಾದಾಗ ಹಳೆಯ ಆವೃತ್ತಿಗಳನ್ನು ತಿರಸ್ಕರಿಸುವ ಹೊಸ ಏರ್ಪಾಡು ಬಂತು. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಅದನ್ನು ಜಾರಿಗೆ ತಂದಾಗ ಎರಡು ಓಎಸ್ ಇದ್ದ ಅನೇಕ ಗಣಕಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಅಳಿಸಿದ್ದೇನೂ ಇರಲಿಲ್ಲ, ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ನಿಲ್ಲಿಸಿದರೆ ಲಿನಕ್ಸ್ ಎದ್ದು ಬರುತ್ತಿತ್ತು. ಆದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇರುವವರು ಹಾಗೆ ಮಾಡುವ ಮುನ್ನ ರಿಕವರಿ ಕೀ ಬರೆದಿಟ್ಟುಕೊಳ್ಳಲೇಬೇಕು; ಅದಿಲ್ಲದಿದ್ದರೆ ಕಡತಗಳು ನಿಜಕ್ಕೂ ಕೈತಪ್ಪಬಹುದು. ಶಿಮ್‌ಗೆ ಸಹಿ ಹಾಕುತ್ತಿದ್ದ 2011ರ ಪ್ರಮಾಣಪತ್ರದ ಅವಧಿ 2026ರ ಜೂನ್ ತನಕ ಮಾತ್ರ. ಅದರ ಜಾಗಕ್ಕೆ 2023ರ ಪ್ರಮಾಣಪತ್ರ ಬಂದಿದೆ. ಅದನ್ನು ಗುರುತಿಸಲು ಹಳೆಯ ಲ್ಯಾಪ್‌ಟಾಪ್‌ಗಳಿಗೆ ಅಪ್‌ಡೇಟ್ ಬೇಕಾಗಬಹುದು. ಎರಡು ಓಎಸ್ ಇಟ್ಟುಕೊಂಡವರು ತಯಾರಕರ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯೇ ಎಂದು ಈಗಲೇ ನೋಡಿ, ಒಂದು ಲೈವ್ ಪೆನ್‌ಡ್ರೈವ್ ಸಿದ್ಧವಾಗಿಟ್ಟುಕೊಳ್ಳಲಿ.