ಕಡಲಾಚೆಯ ಕೌಂಟಿ

ಐರ್ಲೆಂಡಿನ ಜನರು ವರ್ಷಕ್ಕೊಮ್ಮೆ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಎಂಬತ್ತು ಸಾವಿರಕ್ಕೂ ಮಿಕ್ಕಿ ನೆರೆದು, ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್ ಎಂಬ ತಮ್ಮ ಎರಡು ದೇಶೀಯ ಕ್ರೀಡೆಗಳ ಅಂತಿಮ ಪಂದ್ಯಗಳನ್ನು ನೋಡುವರು. ಹರ್ಲಿಂಗಿನಲ್ಲಿ ಗೆದ್ದವರಿಗೆ ದೊರೆಯುವ ಬಟ್ಟಲಿಗೆ ಲಿಯಂ ಮೆಕಾರ್ತಿಯ ಹೆಸರು. ಫುಟ್‌ಬಾಲಿನ ಬಟ್ಟಲಿಗೆ ಸ್ಯಾಮ್ ಮಗ್ವಾಯರನ ಹೆಸರು. ಇವರಲ್ಲಿ ಮೊದಲನೆಯವನು ಐರಿಷ್ ತಂದೆತಾಯಿಗಳಿಗೆ ಲಂಡನ್ನಿನಲ್ಲಿಯೇ 1853ರಲ್ಲಿ ಜನಿಸಿದವನು; ಎರಡನೆಯವನು ಕಾರ್ಕ್ ಸೀಮೆಯ ಡನ್‌ಮ್ಯಾನ್‌ವೇ ಊರಿನಿಂದ ಹೊರಟು, ತನ್ನ ಯೌವನವನ್ನೆಲ್ಲ ಅದೇ ಲಂಡನ್ನಿನ ಅಂಚೆ ಇಲಾಖೆಯಲ್ಲಿ ಸವೆಸಿದವನು. ಸ್ವದೇಶಾಭಿಮಾನವನ್ನೇ ಧ್ಯೇಯವಾಗಿರಿಸಿಕೊಂಡ ಒಂದು ಸಂಸ್ಥೆಯು ತನ್ನ ಅತ್ಯುಚ್ಚ ಗೌರವಗಳೆರಡನ್ನೂ ಪರದೇಶದಲ್ಲಿ ಬಾಳಿದವರ ಹೆಸರಿನಲ್ಲಿ ನೀಡುತ್ತಿರುವುದು ಆಕಸ್ಮಿಕವಾದುದಲ್ಲ. ಈ ಕ್ರೀಡೆಗಳ ಇತಿಹಾಸವನ್ನು ಸಾಮಾನ್ಯವಾಗಿ ಡಬ್ಲಿನ್ನಿನಿಂದ ನೋಡಿ ಬರೆಯುವರು. ಬಂದರಿನಲ್ಲಿ ಹಡಗನ್ನೇರಿದವನ ಕಡೆಯಿಂದ ನೋಡಿದರೆ ಅದೇ ಇತಿಹಾಸವು ಬೇರೊಂದು ಅರ್ಥವನ್ನು ತಳೆಯುತ್ತದೆ.

1841ರಲ್ಲಿ ಐರ್ಲೆಂಡಿನ ಜನಸಂಖ್ಯೆಯು ಸುಮಾರು 82 ಲಕ್ಷವಾಗಿದ್ದಿತು; ಹತ್ತು ವರ್ಷಗಳ ತರುವಾಯ ಅದು 65 ಲಕ್ಷಕ್ಕೆ ಕುಸಿದಿದ್ದಿತು. ಬಡವರ ಏಕಮಾತ್ರ ಆಹಾರವಾಗಿದ್ದ ಆಲೂಗಡ್ಡೆಯ ಬೆಳೆಗೆ 1845ರಲ್ಲಿ ತಗುಲಿದ ರೋಗವು ಏಳು ವರ್ಷಗಳ ಮಹಾಕ್ಷಾಮಕ್ಕೆ ಕಾರಣವಾಗಿ, ಸುಮಾರು ಹತ್ತು ಲಕ್ಷ ಮಂದಿ ಹಸಿವೆಯಿಂದಲೂ ಜ್ವರಾದಿಗಳಿಂದಲೂ ಅಳಿದರು. ಅಷ್ಟೇ ಸಂಖ್ಯೆಯ ಜನರು, ಅಥವಾ ಅದಕ್ಕೂ ಹೆಚ್ಚಿನವರು, ನಾಡನ್ನು ತೊರೆದರು. ಕ್ಷಾಮವು ಮುಗಿದರೂ ವಲಸೆಯು ಮುಗಿಯಲಿಲ್ಲ. ಒಬ್ಬ ಮಗನಿಗೆ ಹೊಲ, ಒಬ್ಬ ಮಗಳಿಗೆ ವರದಕ್ಷಿಣೆ, ಉಳಿದವರಿಗೆ ಹಡಗಿನ ಚೀಟಿ ಎಂಬುದು ಸಂಸಾರಗಳ ಅಲಿಖಿತ ನಿಯಮವಾಗಿ, 1890ರ ವೇಳೆಗೆ ಐರ್ಲೆಂಡಿನಲ್ಲಿ ಹುಟ್ಟಿ ಜೀವಿಸಿದ್ದವರಲ್ಲಿ ಐವರಿಗೆ ಇಬ್ಬರು ಹೊರದೇಶಗಳಲ್ಲಿದ್ದರು. ಅಮೆರಿಕಕ್ಕೆ ಹೊರಡುವವನ ಮನೆಯಲ್ಲಿ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲರೂ ಕೂಡಿ, ಶವದ ಬಳಿ ಜಾಗರಣೆ ಮಾಡುವ ಕ್ರಮದಲ್ಲಿಯೇ ಬೆಳಗಿನವರೆಗೆ ಎಚ್ಚರವಿರುತ್ತಿದ್ದರು; ಪಿಟೀಲು, ಕುಣಿತ, ಮದ್ಯ ಎಲ್ಲವೂ ಇರುತ್ತಿದ್ದುವು, ನಡುನಡುವೆ ಮುದುಕಿಯರ ಶೋಕಗಾನವೂ ಇರುತ್ತಿದ್ದಿತು. ಹೋಗುವವನು ಮರಳುವುದಿಲ್ಲವೆಂಬುದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಅಂದರೆ, ನಾಡಿನ ಲೆಕ್ಕದಲ್ಲಿ ವಲಸೆ ಹೋದವನು ಜೀವಂತನಾಗಿದ್ದೂ ಮೃತನೇ. ಅವನು ಕಳುಹಿಸುವ ಹಣವು ಮಾತ್ರ ಕಾಲಕಾಲಕ್ಕೆ ತಪ್ಪದೆ ಬರಬೇಕು.

ಇಂತಹ ನಾಡಿನಲ್ಲಿ, 1884ರ ನವೆಂಬರ್ 1ರಂದು, ಟಿಪರೇರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಬೆರಳೆಣಿಕೆಯ ಜನರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಇದಕ್ಕೆ ಪ್ರೇರಕನಾದ ಮೈಕೆಲ್ ಕ್ಯೂಸಾಕ್ ಕ್ಲೇರ್ ಸೀಮೆಯ ಕಲ್ಲುಗಾಡಿನಲ್ಲಿ ಹುಟ್ಟಿ ಡಬ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯ, ಮಹಾಕೋಪಿಷ್ಠ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನನ್ನು ಕಾರ್ಯದರ್ಶಿ ಪದವಿಯಿಂದ ಕೆಳಗಿಳಿಸಲಾಯಿತು. ಪ್ರಸಿದ್ಧ ಕ್ರೀಡಾಪಟುವಾಗಿದ್ದ ಮಾರಿಸ್ ಡೇವಿನ್ ಪ್ರಥಮಾಧ್ಯಕ್ಷನಾದನು; ಆರ್ಚ್‌ಬಿಷಪ್ ಕ್ರೋಕ್, ರಾಜಕಾರಣಿ ಪಾರ್ನೆಲ್, ರೈತನಾಯಕ ಡೇವಿಟ್ ಇವರು ಪೋಷಕರಾದರು. ಆಂಗ್ಲರ ಕ್ರಿಕೆಟ್ಟು ಟೆನ್ನಿಸುಗಳ ಮುಂದೆ ನಶಿಸುತ್ತಿದ್ದ ದೇಶೀಯ ಆಟಗಳನ್ನು ಉದ್ಧರಿಸುವುದು ಘೋಷಿತ ಉದ್ದೇಶವಾಗಿದ್ದಿತಾದರೂ, ಅದರ ಶಾಶ್ವತ ಬಲವು ಅಡಗಿದ್ದುದು ಅದರ ರಚನೆಯಲ್ಲಿ. ಪ್ರತಿಯೊಂದು ಚರ್ಚಿನ ಪ್ಯಾರಿಷ್ಷಿಗೆ ಒಂದು ಕ್ಲಬ್ಬು, ಕ್ಲಬ್ಬುಗಳ ಮೇಲೆ ಕೌಂಟಿಯ ಮಂಡಳಿ, ಕೌಂಟಿಗಳ ಮೇಲೆ ಪ್ರಾಂತ, ಎಲ್ಲದರ ಮೇಲೆ ಅಖಿಲ ಐರ್ಲೆಂಡ್ ಸ್ಪರ್ಧೆ. ಆಟಗಾರನಿಗೆ ಸಂಬಳವಿಲ್ಲ, ಅವನು ಹಣಕ್ಕಾಗಿ ತಂಡವನ್ನು ಬದಲಿಸುವಂತಿಲ್ಲ, ಹುಟ್ಟಿದ ಊರೇ ಅವನ ತಂಡ. ಆಂಗ್ಲ ಅಧಿಕಾರಿಗಳು ಆಡಳಿತದ ಸೌಕರ್ಯಕ್ಕೆಂದು ಎಳೆದಿದ್ದ ಕೌಂಟಿಯ ಗೆರೆಗಳು ಈ ಆಟದ ಮೂಲಕವೇ ರಕ್ತಗತವಾದುವು. ದೂರದೇಶಕ್ಕೆ ಹೋಗುವವನು ಭೂಮಿಯನ್ನು ಕೊಂಡೊಯ್ಯಲಾರನು, ಕೌಂಟಿಯನ್ನು ಕೊಂಡೊಯ್ಯಬಲ್ಲನು.

ಆದರೆ ಸಂಸ್ಥೆಯು ಅಮೆರಿಕದ ಕಡೆಗೆ ಮೊದಲು ಮುಖ ಮಾಡಿದುದು ವಲಸೆ ಹೋದ ಮಕ್ಕಳ ಕುಶಲವನ್ನು ವಿಚಾರಿಸುವುದಕ್ಕಲ್ಲ, ಅವರಿಂದ ಹಣವನ್ನೆತ್ತುವುದಕ್ಕೆ. ಪುರಾತನ ಟಾಲ್ಟನ್ ಕ್ರೀಡೋತ್ಸವವನ್ನು ಪುನರುಜ್ಜೀವಿಸಬೇಕೆಂಬ ಸಂಕಲ್ಪದಿಂದ 1888ರ ಶರತ್ಕಾಲದಲ್ಲಿ ಸುಮಾರು ಐವತ್ತು ಮಂದಿ ಆಟಗಾರರು ಹಡಗನ್ನೇರಿ ಬಾಸ್ಟನ್, ನ್ಯೂಯಾರ್ಕ್ ಮೊದಲಾದ ನಗರಗಳಲ್ಲಿ ಪ್ರದರ್ಶನಗಳನ್ನು ನೀಡಿದರು. ಮಳೆಯೂ ಚಳಿಯೂ ಹಿಡಿದುವು. ಅಮೆರಿಕನ್ನರ ಚಿತ್ತವು ಅಧ್ಯಕ್ಷ ಚುನಾವಣೆಯಲ್ಲಿ ಮಗ್ನವಾಗಿದ್ದಿತು. ಅಲ್ಲಿನ ಕ್ರೀಡಾಸಂಘಗಳು ಪರಸ್ಪರ ಕಲಹದಲ್ಲಿದ್ದುವು. ಬೊಕ್ಕಸ ತುಂಬುವುದಿರಲಿ, ಹಿಂದಿರುಗುವ ವೆಚ್ಚಕ್ಕೆ ಡೇವಿಟ್ ತಾನೇ 450 ಪೌಂಡುಗಳನ್ನು ಸಾಲ ಕೊಡಬೇಕಾಯಿತು. ತಾಯ್ನಾಡಿನಲ್ಲಿ ಆ ವರ್ಷದ ಸ್ಪರ್ಧೆಗಳು ಪೂರ್ತಿಯಾಗಲೇ ಇಲ್ಲ. ಆಟಗಾರರ ಪೈಕಿ ಹಲವರು ಹಿಂದಿರುಗಲೇ ಇಲ್ಲ: ವಲಸಿಗರಿಂದ ಹಣ ತರಲು ಹೋದವರೇ ವಲಸಿಗರಾದರು. ಈ ಸೋಲನ್ನು ಸಂಸ್ಥೆಯ ಇತಿಹಾಸಕಾರರು ಸಂಕೋಚದಿಂದ ಸ್ಮರಿಸುವರು. ಅಲ್ಲಿ ಉಳಿದುಹೋದವರ ಪಕ್ಷದಿಂದ ನೋಡಿದರೆ ಅದನ್ನು ಸೋಲೆನ್ನುವಂತಿಲ್ಲ.

ಲಂಡನ್ನಿನಲ್ಲಿ ನಡೆದುದು ಬೇರೆ ಬಗೆ. 1896ರಲ್ಲಿ ಅಲ್ಲಿ ಕೌಂಟಿ ಮಂಡಳಿಯೊಂದು ಸ್ಥಾಪಿತವಾಗಿ, ಶತ್ರುವಿನ ರಾಜಧಾನಿಯೇ ಐರ್ಲೆಂಡಿನ ಒಂದು ಕೌಂಟಿಯಾಯಿತು. ಇಪ್ಪತ್ತನೆಯ ಶತಮಾನವು ಆರಂಭವಾದ ಆ ಕೆಲವು ವರ್ಷಗಳಲ್ಲಿ, ಸ್ವದೇಶದಲ್ಲಿ ಗೆದ್ದ ತಂಡವು ಕಟ್ಟಕಡೆಗೆ ಲಂಡನ್ನಿನ ತಂಡವನ್ನು ಎದುರಿಸಬೇಕೆಂಬ ನಿಯಮವಿದ್ದಿತು. ಗುಮಾಸ್ತರು ಕೂಲಿಗಾರರು ಕೂಡಿದ್ದ ಲಂಡನ್ ತಂಡವು 1901ನೆಯ ಸಾಲಿನ ಹರ್ಲಿಂಗ್ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ, ಅದು ತಡವಾಗಿ 1903ರಲ್ಲಿ ನಡೆದಾಗ, ಬಲಿಷ್ಠವಾದ ಕಾರ್ಕನ್ನು ಸೋಲಿಸಿತು. ಐರ್ಲೆಂಡಿನ ಹೊರಗಿನ ತಂಡವೊಂದು ಆ ಪ್ರಶಸ್ತಿಯನ್ನು ಗೆದ್ದುದು ಅಂದಿಗೂ ಇಂದಿಗೂ ಅದೊಂದೇ ಬಾರಿ.

ಮಗ್ವಾಯರನು ಇದೇ ಕಾಲದಲ್ಲಿ ಲಂಡನ್ನಿನ ಫುಟ್‌ಬಾಲ್ ತಂಡದ ನಾಯಕನಾಗಿ ಅಖಿಲ ಐರ್ಲೆಂಡ್ ಪಂದ್ಯಗಳಲ್ಲಿ ಆಡಿದವನು; ಗೆಲುವು ಅವನಿಗೆ ಒಲಿಯಲಿಲ್ಲ. ಕ್ಯಾಥೊಲಿಕರೇ ತುಂಬಿದ್ದ ಸಂಘದಲ್ಲಿ ಅವನು ಪ್ರಾಟೆಸ್ಟಂಟ್. ಬ್ರಿಟಿಷ್ ಸರಕಾರದ ಅಂಚೆ ನೌಕರನಾಗಿದ್ದುಕೊಂಡೇ ಅದರ ವಿರುದ್ಧದ ಗುಪ್ತಸಂಘದ ಸದಸ್ಯ. 1909ರಲ್ಲಿ ಅವನು ಆ ಸಂಘಕ್ಕೆ ಸೇರಿಸಿಕೊಂಡ ಹತ್ತೊಂಬತ್ತು ವರ್ಷದ ತರುಣನು, ಅಂಚೆಯ ಉಳಿತಾಯ ಬ್ಯಾಂಕಿನಲ್ಲಿ ಗುಮಾಸ್ತನಾಗಿ, ಸಂಜೆಯ ವೇಳೆ ಹರ್ಲಿಂಗ್ ಆಡುತ್ತ, ಕ್ಲಬ್ಬಿನ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಮೈಕೆಲ್ ಕಾಲಿನ್ಸ್. ಮುಂದೆ ಸ್ವಾತಂತ್ರ್ಯ ಸಮರದ ಗೂಢಚಾರ ವ್ಯೂಹವನ್ನು ರಚಿಸಿದವನು ಇವನೇ. ಸ್ವದೇಶದಲ್ಲಿ ಪೊಲೀಸರ ಕಣ್ಣಿಗೆ ಬೀಳುವಂತಹ ಕಾರ್ಯವು ಪರದೇಶದ ಮೈದಾನದಲ್ಲಿ ನಿರಾತಂಕವಾಗಿ ಸಾಗಿದುದನ್ನು ಗಮನಿಸಬೇಕು: ರಾಜಕೀಯಶಿಕ್ಷಣಕ್ಕೆ ಆಟದ ಕ್ಲಬ್ಬೇ ಪಾಠಶಾಲೆಯಾಯಿತು. ಸ್ವಾತಂತ್ರ್ಯ ಬಂದ ಬಳಿಕ ಮಗ್ವಾಯರನು ಡಬ್ಲಿನ್ನಿಗೆ ಬಂದು ಹೊಸ ಸರಕಾರದ ಸೇವೆಯನ್ನು ಸೇರಿದನು. ಅಲ್ಪಕಾಲದಲ್ಲಿಯೇ ಕೆಲಸವನ್ನು ಕಳೆದುಕೊಂಡು, ಕ್ಷಯರೋಗಕ್ಕೆ ತುತ್ತಾಗಿ, 1927ರಲ್ಲಿ ಬಡತನದಲ್ಲಿ ಕಣ್ಣುಮುಚ್ಚಿದನು. ಮರುವರ್ಷವೇ ಅವನ ಹೆಸರಿನ ಬೆಳ್ಳಿಯ ಬಟ್ಟಲು ಸಿದ್ಧವಾಯಿತು.

ನ್ಯೂಯಾರ್ಕಿನಲ್ಲಿ ಆಟದ ಕೇಂದ್ರವು ಮೊದಲು ಕ್ವೀನ್ಸಿನ ಸೆಲ್ಟಿಕ್ ಪಾರ್ಕ್ ಆಗಿದ್ದು, 1920ರ ದಶಕದ ಉತ್ತರಾರ್ಧದಲ್ಲಿ ಬ್ರಾಂಕ್ಸ್ ಭಾಗದ ಉತ್ತರ ತುದಿಗೆ, ನಗರದ ರೈಲುಗಾಡಿಗಳು ತಂಗುವ ನಿಲುಗಡೆಯ ಪಕ್ಕಕ್ಕೆ ಬಂದು ನೆಲೆಸಿತು. ಗೇಲಿಕ್ ಪಾರ್ಕ್ ಎಂಬ ಹೆಸರು ಆ ಸ್ಥಳಕ್ಕೆ ಅನಂತರ ಬಂದುದು. ಅಲ್ಲಿನ ತಂಡಗಳ ಹೆಸರುಗಳು ಕೆರಿ, ಮೇಯೋ, ಟಿಪರೇರಿ, ಕ್ಯಾವನ್ ಎಂದೇ ಇದ್ದುವು. ವಾರದ ಆರು ದಿನ ಸುರಂಗದಲ್ಲಿಯೋ ಕಟ್ಟಡದ ಮೇಲೆಯೋ ದುಡಿದವರು, ಶ್ರೀಮಂತರ ಮನೆಗಳಲ್ಲಿ ಊಳಿಗ ಮಾಡಿದ ಹೆಣ್ಣುಮಕ್ಕಳು, ಭಾನುವಾರ ಪೂಜೆ ಮುಗಿಸಿ ಅಲ್ಲಿಗೆ ಬರುವರು. ಆಟವಾದ ಮೇಲೆ ನೃತ್ಯ. ಆದರೆ ಅಲ್ಲಿ ಆಟವೆಂಬುದು ನಿಮಿತ್ತಮಾತ್ರ. ಹೊಸದಾಗಿ ಹಡಗಿನಿಂದ ಇಳಿದ ಹುಡುಗನಿಗೆ ವಸತಿ ಯಾರ ಮನೆಯಲ್ಲಿ, ಕೆಲಸಕ್ಕೆ ಯಾವ ಮೇಸ್ತ್ರಿಯನ್ನು ಕಾಣಬೇಕು, ಅಪಘಾತದಲ್ಲಿ ಸತ್ತವನ ಹೆಂಡತಿಗೆ ಎಷ್ಟು ಚಂದಾ ಕೂಡಿಸಬೇಕು ಎಂಬುದೆಲ್ಲವೂ ಮೈದಾನದ ಅಂಚಿನಲ್ಲಿಯೇ ಇತ್ಯರ್ಥವಾಗುತ್ತಿದ್ದಿತು. ಕೆರಿಯಿಂದ ಬಂದು ನಗರದ ರೈಲು ಕಾರ್ಮಿಕರನ್ನು 1934ರಲ್ಲಿ ಸಂಘಟಿಸಿದ ಮೈಕ್ ಕ್ವಿಲ್, ಮೇಯೋದ ಬೊಹೋಲಾ ಗ್ರಾಮದಿಂದ ಬಂದು ಪೊಲೀಸ್ ಪೇದೆಯಾಗಿದ್ದು 1946ರಲ್ಲಿ ಮೇಯರ್ ಪದವಿಯನ್ನೇರಿದ ವಿಲಿಯಂ ಓ'ಡ್ವಾಯರ್, ಇಂತಹವರ ಸಾರ್ವಜನಿಕ ಜೀವನಕ್ಕೆ ಬೆನ್ನಾಗಿದ್ದುದು ಈ ಕೌಂಟಿಗಳ ಜನಬಲವೇ.

ಓ'ಡ್ವಾಯರನು ಮೇಯರನಾಗಿದ್ದ ಕಾಲದಲ್ಲಿಯೇ ಅಭೂತಪೂರ್ವವಾದ ಸಂಗತಿಯೊಂದು ನಡೆಯಿತು. ಕ್ಷಾಮದ ಅತ್ಯಂತ ಘೋರವರ್ಷವಾದ 1847 ಕಳೆದು ನೂರು ವರ್ಷ ತುಂಬಿದಾಗ, ಅಂತಿಮ ಫುಟ್‌ಬಾಲ್ ಪಂದ್ಯವನ್ನು ವಲಸಿಗರ ನಡುವೆ, ನ್ಯೂಯಾರ್ಕಿನಲ್ಲಿಯೇ ಆಡಿಸಬೇಕೆಂದು ಕ್ಲೇರ್ ಕೌಂಟಿಯ ಪಾದ್ರಿ ಕ್ಯಾನನ್ ಹ್ಯಾಮಿಲ್ಟನ್ ಪಟ್ಟುಹಿಡಿದು, ಅನೇಕರ ವಿರೋಧವನ್ನು ಮೀರಿ ಗೆದ್ದನು. 1947ರ ಸೆಪ್ಟೆಂಬರ್ 14ರಂದು ಪೋಲೋ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಕ್ಯಾವನ್ ಮತ್ತು ಕೆರಿ ಎದುರಾದುವು. ಬಿಸಿಲು ಸುಡುತ್ತಿದ್ದಿತು, ನೆಲವು ಕಲ್ಲಿನಂತೆ ಗಟ್ಟಿಯಾಗಿದ್ದು, ಬೇಸ್‌ಬಾಲ್ ಚೆಂಡನ್ನೆಸೆಯುವವನ ದಿಬ್ಬವು ಅಂಗಳದೊಳಗೇ ಉಳಿದಿದ್ದಿತು. ನೋಡಲು ಬಂದವರು ಸುಮಾರು 35 ಸಾವಿರ. ಆರಂಭದಲ್ಲಿ ಕೆರಿಯದೇ ಮೇಲುಗೈ; ಕಡೆಗೆ ಎರಡು ಗೋಲು ಹನ್ನೊಂದು ಪಾಯಿಂಟಿಗೆ ಎರಡು ಗೋಲು ಏಳು ಪಾಯಿಂಟು, ಅಂದರೆ ನಾಲ್ಕು ಪಾಯಿಂಟುಗಳ ಅಂತರದಲ್ಲಿ, ಕ್ಯಾವನ್ ಗೆದ್ದಿತು. ಮೈಕೆಲ್ ಓ'ಹೆಹಿರ್ ಎಂಬ ವೀಕ್ಷಕವಿವರಣೆಗಾರನ ಧ್ವನಿಯನ್ನು ರೇಡಿಯೋ ಐರ್ಲೆಂಡಿಗೆ ಒಯ್ಯುತ್ತಿದ್ದಿತು. ಸಭಾಕಲಾಪಗಳಿಂದ ಆಟವು ತಡವಾಗಿ, ಬಾಡಿಗೆಗೆ ಪಡೆದ ತಂತಿಯ ಅವಧಿಯು ತೀರುವ ಸಮಯ ಬಂದಾಗ, ಇನ್ನು ಐದು ನಿಮಿಷ ಕೊಡಿರೆಂದು ಅವನು ಮೈಕಿನ ಮುಂದೆಯೇ ಅಂಗಲಾಚಿದನು, ಅವಧಿ ದೊರೆಯಿತು. ಅಂದು ರಾತ್ರಿ ತಾಯ್ನಾಡಿನ ಹಳ್ಳಿಗಳು ಕಿವಿಗೊಟ್ಟು ಕೇಳುತ್ತಿದ್ದುವು, ವಲಸೆ ಹೋದವರು ಕಣ್ಣಾರೆ ನೋಡುತ್ತಿದ್ದರು. ಉಳಿದವರಿಗೂ ಹೋದವರಿಗೂ ಸದಾ ಇದ್ದ ಸ್ಥಾನಗಳು ಆ ಒಂದು ದಿನ ಅದಲುಬದಲಾದುವು. ಅಂತಿಮ ಪಂದ್ಯವು ಮತ್ತೆಂದೂ ಕಡಲನ್ನು ದಾಟಲಿಲ್ಲ.

ಮುಂದಿನ ದಶಕದಲ್ಲಿ ನಾಲ್ಕು ಲಕ್ಷಕ್ಕೂ ಮಿಗಿಲಾಗಿ ಜನರು ಸ್ವತಂತ್ರ ಐರ್ಲೆಂಡನ್ನು ಬಿಟ್ಟು, ಬಹುತೇಕ ಇಂಗ್ಲೆಂಡಿಗೆ, ಯುದ್ಧದಲ್ಲಿ ಉರುಳಿದ ನಗರಗಳನ್ನು ಕಟ್ಟಲು ಹೋದರು. 1961ರ ಜನಗಣತಿಯಲ್ಲಿ ಗಣರಾಜ್ಯದ ಜನಸಂಖ್ಯೆಯು 28 ಲಕ್ಷಕ್ಕೆ ಇಳಿದಿದ್ದಿತು. ಹೀಗೆ ಹೋದವರಿಗೆ ಕ್ರೀಡಾಸಂಸ್ಥೆಯ ಕಟ್ಟಳೆಯೊಂದು ವಿಶೇಷವಾಗಿ ಭಾರವಾಗಿತ್ತು. ವಿದೇಶೀ ಆಟಗಳನ್ನು ಆಡುವವರಿಗೂ ನೋಡುವವರಿಗೂ ಬಹಿಷ್ಕಾರ ವಿಧಿಸುವ ಆ ನಿಯಮದ ಪ್ರಕಾರ, ರಾಷ್ಟ್ರದ ಪ್ರಥಮಾಧ್ಯಕ್ಷನೂ ಗೇಲಿಕ್ ಭಾಷೆಯ ಪುನರುದ್ಧಾರಕನೂ ಆದ ಡಗ್ಲಸ್ ಹೈಡನನ್ನೇ, ಒಂದು ಸಾಕರ್ ಪಂದ್ಯಕ್ಕೆ ರಾಷ್ಟ್ರಾಧ್ಯಕ್ಷನಾಗಿ ಹೋದ ಅಪರಾಧಕ್ಕೆ, 1938ರಲ್ಲಿ ಪೋಷಕ ಪದವಿಯಿಂದ ತೆಗೆದುಹಾಕಿದ್ದರು. ಐರ್ಲೆಂಡಿನಲ್ಲಿರುವವನಿಗೆ ಈ ನಿಷೇಧವು ಸ್ವಾಭಿಮಾನದ ಲಕ್ಷಣವಾಗಿ ಕಾಣಬಹುದು. ಇಂಗ್ಲಿಷ್ ಸಹೋದ್ಯೋಗಿಗಳ ನಡುವೆ ಬಾಳಿ, ತನ್ನ ಮಗನು ಶಾಲೆಯಲ್ಲಿ ಅವರ ಆಟವನ್ನು ಆಡುವುದನ್ನು ನೋಡಬೇಕಾದವನಿಗೆ ಅದು ಮನೆಯ ನಡುವೆ ಎಬ್ಬಿಸಿದ ಗೋಡೆ. 1971ರಲ್ಲಿ ಅದು ರದ್ದಾಯಿತು.

ಹಣವನ್ನು ಸ್ವೀಕರಿಸಿದ, ಹಾಡುಗಳಲ್ಲಿ ಸ್ತುತಿಸಿದ ತಾಯ್ನಾಡು ವಲಸಿಗನಿಗೆ ಮತವನ್ನು ಮಾತ್ರ ಕೊಟ್ಟಿಲ್ಲ. ಹೊರದೇಶದಲ್ಲಿ ನೆಲೆಸಿದ ಐರಿಷ್ ಪ್ರಜೆಯು, ರಾಯಭಾರಿ ಮೊದಲಾದ ಕೆಲವರ ಹೊರತು, ಡಾಲ್ ಎಂಬ ಲೋಕಸಭೆಗೆ ಮತ ನೀಡುವಂತಿಲ್ಲ. ಕೆಲವು ವಿಶ್ವವಿದ್ಯಾನಿಲಯಗಳ ಪದವೀಧರರು ಮೇಲ್ಮನೆಯ ಕೆಲವು ಸ್ಥಾನಗಳಿಗೆ ಅಂಚೆಯ ಮೂಲಕ ಮತ ಹಾಕಬಲ್ಲರು. ಲಂಡನ್ನಿನಲ್ಲಿರುವ ಐರಿಷ್ ಕೂಲಿಗಾರನು ಬ್ರಿಟಿಷ್ ಪಾರ್ಲಿಮೆಂಟಿಗೆ ಮತ ಚಲಾಯಿಸಬಹುದು, ತನ್ನ ದೇಶದ ಶಾಸನಸಭೆಗೆ ಚಲಾಯಿಸಲಾರನು! 1990ರಲ್ಲಿ ಅಧ್ಯಕ್ಷೆಯಾದ ಮೇರಿ ರಾಬಿನ್ಸನ್ ತನ್ನ ನಿವಾಸದ ಕಿಟಕಿಯಲ್ಲಿ ವಲಸಿಗರಿಗಾಗಿ ದೀಪವೊಂದನ್ನಿರಿಸಿದುದು ಉದಾತ್ತವಾದ ನಡತೆಯೇ ಸರಿ, ದೀಪವು ಹಕ್ಕಲ್ಲ. ಊರು ಬಿಟ್ಟು ಹದಿನೆಂಟು ತಿಂಗಳು ಕಳೆಯದವರು, ಮರಳುವ ಮನಸ್ಸಿದ್ದರೆ, ಮತದಾರರ ಪಟ್ಟಿಯಲ್ಲಿ ಉಳಿಯಬಹುದಾದ ಕಾರಣ, 2015 ಮತ್ತು 2018ರ ಜನಮತಗಣನೆಗಳಿಗೆ ತರುಣತರುಣಿಯರು ಗುಂಪುಗುಂಪಾಗಿ ವಿಮಾನ ನೌಕೆಗಳಲ್ಲಿ ಬಂದು ಮತವಿತ್ತು ಮರಳಿದರು.

ಕ್ರೀಡಾಸಂಸ್ಥೆಯಾದರೋ ಈ ವಿಷಯದಲ್ಲಿ ರಾಜ್ಯಕ್ಕಿಂತ ಉದಾರವಾದುದು. ಅದರ ಕಾನೆಟ್ ಪ್ರಾಂತದ ಫುಟ್‌ಬಾಲ್ ಸ್ಪರ್ಧೆಯಲ್ಲಿ ಲಂಡನ್ನೂ, 1999ರಿಂದ ನ್ಯೂಯಾರ್ಕೂ, ಉಳಿದ ಕೌಂಟಿಗಳ ಸಮಾನವಾಗಿ ಸೆಣಸುತ್ತವೆ. ಎರಡು ದಶಕಗಳಿಗೂ ಮೀರಿ ಸೋಲುತ್ತಲೇ ಬಂದ ನ್ಯೂಯಾರ್ಕ್, 2023ರ ಏಪ್ರಿಲಿನಲ್ಲಿ ಗೇಲಿಕ್ ಪಾರ್ಕಿನಲ್ಲಿ ಪೆನಾಲ್ಟಿಗಳ ಮೂಲಕ ತನ್ನ ಮೊದಲ ಗೆಲುವನ್ನು ಪಡೆಯಿತು. ಸೋತುದು ಲೀಟ್ರಿಮ್: 1841ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದು, ವಲಸೆಯಿಂದ ಬರಿದಾಗಿ, ಇಂದು ಸುಮಾರು 35 ಸಾವಿರ ಜನರುಳ್ಳ ಕೌಂಟಿ. ಗೆದ್ದವರಲ್ಲಿ ಐರ್ಲೆಂಡಿನಿಂದ ಹೋದವರಷ್ಟೇ ಅಲ್ಲದೆ, ಅಮೆರಿಕದಲ್ಲಿಯೇ ಹುಟ್ಟಿ ಆಟವನ್ನು ಕಲಿತವರೂ ಇದ್ದರು. ಹೋದವರೆಂದರೆ ಕಳೆದವರೆಂದು ಜಾಗರಣೆ ಮಾಡಿದ ಅಜ್ಜಿಯರ ಲೆಕ್ಕವನ್ನು ಈ ಹುಡುಗರು ಸುಳ್ಳು ಮಾಡಿದರು. ನಾಡಿನಲ್ಲಿ ಪಾಲು ಪಡೆಯುವುದಕ್ಕೆ ನೆಲದ ಮೇಲೆ ವಾಸವೊಂದೇ ಪ್ರಮಾಣವೆಂದು ರಾಜ್ಯವು ಹೇಳುತ್ತಿದ್ದರೆ, ಒಂದು ಕೌಂಟಿಗಾಗಿ ಬೆವರು ಸುರಿಸುವ ಮನಸ್ಸೂ ಪ್ರಮಾಣವೇ ಎಂದು ಆಟವು ನೂರಿಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದೆ. ಈ ಎರಡು ವಾದಗಳಲ್ಲಿ ಯಾವುದು ಸಾಧುವೆಂಬುದನ್ನು ಐರ್ಲೆಂಡಿನ ಮತದಾರರು ಒಂದಲ್ಲ ಒಂದು ದಿನ ತೀರ್ಮಾನಿಸಬೇಕಾಗುವುದು. ಆ ತೀರ್ಮಾನದ ದಿನದಂದೂ ವಲಸಿಗನಿಗೆ ಮತವಿರುವುದಿಲ್ಲ.