ಪದ ಪರಿಚಯ: ಇಮ್ಯಾಕ್ಯುಲೇಟ್ ಎಂದರೆ ಕಲೆಯಿಲ್ಲದ್ದು

ಹೊಸೂರು: ಸಿಪ್ಕಾಟ್ ಕಾರ್ಖಾನೆಗಳಿಗೆ ಅರ್ಜಿ ಬರೆಯುವ ನಮ್ಮ ಹಳ್ಳಿಯ ಹುಡುಗರು ತಮ್ಮ ನಡತೆ ಬಗ್ಗೆ ದೊಡ್ಡ ದೊಡ್ಡ ಇಂಗ್ಲಿಷ್ ಪದ ಹಾಕುವುದುಂಟು. ಅಂಥ ಒಂದು ಪದ 'ಇಮ್ಯಾಕ್ಯುಲೇಟ್'. ಬರೆಯುವ ಮುನ್ನ ಅದರ ಅರ್ಥ ತಿಳಿದುಕೊಳ್ಳುವುದು ಒಳ್ಳೆಯದಲ್ಲವೇ?

ಇದು ಲ್ಯಾಟಿನ್ ಭಾಷೆಯಿಂದ ಬಂದ ಪದ. ಅಲ್ಲಿ 'ಮಾಕುಲಾ' ಎಂದರೆ ಕಲೆ, ಮಚ್ಚೆ. ಹಿಂದೆ ಇಲ್ಲ ಎನ್ನುವ ಅರ್ಥದ 'ಇನ್' ಸೇರಿ ಕಲೆಯಿಲ್ಲದ್ದು ಎಂದಾಯಿತು. ಇಂಗ್ಲಿಷಿಗೆ ಬಂದದ್ದು 15ನೇ ಶತಮಾನದಲ್ಲಿ. ಸಕ್ಕರೆ ಕಾಯಿಲೆಯವರು ಕಣ್ಣಾಸ್ಪತ್ರೆಗೆ ಹೋದರೆ ಡಾಕ್ಟರು 'ಮ್ಯಾಕುಲಾ' ನೋಡಬೇಕು ಎನ್ನುತ್ತಾರೆ. ಅದೂ ಇದೇ ಪದ. ಕಣ್ಣಿನ ಹಿಂಭಾಗದ ಹಳದಿ ಮಚ್ಚೆಯ ಹೆಸರು.

ಗಡಿಯವರಾದ ನಮಗೆ ಇದನ್ನು ನೆನಪಿಡುವುದು ಸುಲಭ. ಕನ್ನಡದಲ್ಲಿ ಬಟ್ಟೆ 'ಮಾಸಿತು' ಎನ್ನುತ್ತೇವೆ. ತಮಿಳಿನಲ್ಲಿ 'ಮಾಸು' ಎಂದರೆ ಕೊಳೆ, ಕಳಂಕ. ಕಾರ್ಖಾನೆ ಹೊಗೆ, ಕೆರೆ ನೀರಿನ ದೂರು ಕೊಡಲು ನಾವು ಹೋಗುವ ಮಾಲಿನ್ಯ ನಿಯಂತ್ರಣ ಮಂಡಳಿಯ ತಮಿಳು ಹೆಸರಿನಲ್ಲೇ 'ಮಾಸು' ಇದೆ. 'ಮಾಸಟ್ರ' ಎಂದರೆ ಕಳಂಕವಿಲ್ಲದ. ಕನ್ನಡ, ತಮಿಳಿನ ಮಾಸು ಅಕ್ಕ-ತಂಗಿಯರು. ಲ್ಯಾಟಿನ್ ಮಾಕುಲಾ ಮಾತ್ರ ಬೇರೆ ಮನೆಯದು. ಕೇಳಲು ಹತ್ತಿರವಿದೆ ಅಷ್ಟೇ.

ಸಂಸ್ಕೃತದ ನಿರ್ಮಲ, ಅಮಲ ಕೂಡ ಇದೇ ಅರ್ಥದವು. ಕ್ರೈಸ್ತರು ಡಿಸೆಂಬರ್ 8ರಂದು ಆಚರಿಸುವ 'ಅಮಲೋದ್ಭವ ಮಾತೆ'ಯ ಹಬ್ಬದ ಹೆಸರು ಹೀಗೆ ಬಂದದ್ದು. ಯೇಸು ಹುಟ್ಟಿದ ಬಗೆಗೆ ಆ ಹೆಸರು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ತಾಯಿ ಮರಿಯಳೇ ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದ ಪಾಪದ ಕಲೆ ಇಲ್ಲದವಳು ಎಂಬ ನಂಬಿಕೆ ಅದು. ಪೋಪ್ 9ನೇ ಪಿಯುಸ್ ಇದನ್ನು 1854ರಲ್ಲಿ ಧರ್ಮಸೂತ್ರವೆಂದು ಘೋಷಿಸಿದರು. ಅಂದ ಹಾಗೆ, ಈ 'ಅಮಲ'ಕ್ಕೂ ಸಾರಾಯಿ 'ಅಮಲು'ಗೂ ಸಂಬಂಧವಿಲ್ಲ. ಅಮಲು ಅರಬ್ಬಿ ಕಡೆಯಿಂದ ಬಂದದ್ದು.

ಇದರ ಜೊತೆಗೆ ಇನ್ನೆರಡು ಪದಗಳಿವೆ. 'ಫ್ಲಾ' ಎಂದರೆ ಬಿರುಕು, ದೋಷ. 'ಫ್ಲಾಲೆಸ್' ಎಂದರೆ ಅದಿಲ್ಲದ್ದು. ಕೃಷ್ಣಗಿರಿಯ ಗ್ರಾನೈಟ್ ಕಲ್ಲಿಗೆ ಇದು ಸರಿ. ಬಿರುಕು ಕಂಡರೆ ಕಲ್ಲಿನ ಬೆಲೆ ಬೀಳುತ್ತದೆ. 'ಇಂಪೆಕಬಲ್' ಎನ್ನುವುದರ ಮೂಲ ಲ್ಯಾಟಿನ್ನಿನ 'ಪೆಕ್ಕಾರೆ', ಅಂದರೆ ಪಾಪ ಮಾಡು. ಪಾಪ ಮಾಡಲಾರದ ಎಂಬುದು ಮೊದಲ ಅರ್ಥ. ಈಗ ನಡತೆ, ಉಡುಪು, ಮಾತಿನ ಶುದ್ಧಿಗೂ ಬಳಸುತ್ತಾರೆ.

ನೆನಪಿಗೆ ಹೀಗಿಟ್ಟುಕೊಳ್ಳಿ: ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ ಇಮ್ಯಾಕ್ಯುಲೇಟ್, ಬಿರುಕಿಲ್ಲದ ಕಲ್ಲು ಫ್ಲಾಲೆಸ್, ಬೆರಳು ತೋರಿಸಲಾಗದ ನಡತೆ ಇಂಪೆಕಬಲ್.

ಅರ್ಜಿ ಬರೆಯುವವರಿಗೆ ಒಂದು ಮಾತು. ಇವು ಬೇರೆಯವರು ನಮ್ಮ ಬಗ್ಗೆ ಹೇಳಬೇಕಾದ ಪದಗಳು. 'ನನ್ನ ದಾಖಲೆ ಇಮ್ಯಾಕ್ಯುಲೇಟ್' ಎಂದು ನಾವೇ ಬರೆದುಕೊಂಡು, ವಿಚಾರಣೆ ವೇಳೆ ಒಂದು ಸಣ್ಣ ಹಳೇ ಕೇಸು ಹೊರಬಂದರೂ ಇಡೀ ಅರ್ಜಿಯ ಮೇಲೆ ಅನುಮಾನ ಬರುತ್ತದೆ. ಒಳ್ಳೆಯ ನಡತೆ ಎಂದು ಸರಳವಾಗಿ ಬರೆದರೆ ಸಾಕು. ಮಾಸದ ಬಟ್ಟೆ ಉಂಟೇ? ಒಗೆದು ಉಡುವವನೇ ಜಾಣ.