ಶಸ್ತ್ರಕ್ರಿಯೆಗೆ ಮುಂಚಿನ ಔಷಧ: ಕಾರವಾರ ಅಂಕೋಲೆಗಳ ಕಡೆಯಿಂದ ಒಂದು ವಿಚಾರ

ಶಸ್ತ್ರಕ್ರಿಯೆಗೆ ಒಳಪಡಬಲ್ಲ ಸ್ತನದ ಕ್ಯಾನ್ಸರಿಗೆ ಮೊದಲು ಕತ್ತಿಯೋ ಮೊದಲು ಮದ್ದೋ ಎಂಬ ಪ್ರಶ್ನೆ ವೈದ್ಯಶಾಸ್ತ್ರದ ಇತಿಹಾಸದಲ್ಲಿ ತೀರ ಹಳೆಯದಲ್ಲ. 1894ರಲ್ಲಿ ಅಮೆರಿಕದ ಹಾಲ್‌ಸ್ಟೆಡ್ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ, ಸ್ತನವನ್ನೂ ಅದರಡಿಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವುದು ಮುಕ್ಕಾಲು ಶತಮಾನದಷ್ಟು ಕಾಲ ರೂಢಿಯಾಗಿತ್ತು. ಗಂಟು ಕೈಗೆ ಸಿಗುವ ವೇಳೆಗೇ ರೋಗವು ರಕ್ತದೊಡನೆ ದೂರ ಸಾಗಿರಬಹುದೆಂದು ಬರ್ನಾರ್ಡ್ ಫಿಶರ್ ವಾದಿಸಿದರು. 1976ರಲ್ಲಿ ಮಿಲಾನಿನ ಬೊನಡೊನ್ನ, ಶಸ್ತ್ರಕ್ರಿಯೆಯ ತರುವಾಯ ಕೊಟ್ಟ ಔಷಧಗಳಿಂದ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂದು ತೋರಿಸಿದರು. ತರುವಾಯ ಕೊಟ್ಟದ್ದನ್ನು ಮುಂಚೆಯೇ ಕೊಟ್ಟರೆ ಆಯುಸ್ಸು ಇನ್ನೂ ಹೆಚ್ಚೀತೆಂಬ ಆಸೆ ಹುಟ್ಟಿದುದು ಸಹಜ.

ಈ ಆಸೆಯನ್ನು ಒರೆಗೆ ಹಚ್ಚಿದ್ದು ಫಿಶರರ ತಂಡವೇ. 1988ರಿಂದ 1993ರವರೆಗೆ 1523 ಮಂದಿ ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಅವೇ ಎರಡು ಔಷಧಗಳನ್ನು, ಅಂದರೆ ಆಡ್ರಿಯಾಮೈಸಿನ್ ಮತ್ತು ಸೈಕ್ಲೊಫಾಸ್ಫಮೈಡ್‌ಗಳನ್ನು, ಒಂದು ಪಂಗಡಕ್ಕೆ ಶಸ್ತ್ರಕ್ರಿಯೆಗೆ ಮುಂಚೆಯೂ ಇನ್ನೊಂದಕ್ಕೆ ಆಮೇಲೂ ನಾಲ್ಕು ಸಲ ಕೊಡಲಾಯಿತು. ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಗಂಟು ಕುಗ್ಗಿದುದರಿಂದ ಸ್ತನವನ್ನು ಉಳಿಸಿಕೊಂಡವರು ನೂರಕ್ಕೆ 60ರಿಂದ 68ಕ್ಕೆ ಏರಿದರು. ಹತ್ತು ಪ್ರಯೋಗಗಳ 4756 ಸ್ತ್ರೀಯರ ವಿವರಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯೂ ಆಯುಸ್ಸಿನ ಮಟ್ಟಿಗೆ ಇದನ್ನೇ ಹೇಳಿತು. ಆದರೆ ಅದೇ ಸ್ಥಳದಲ್ಲಿ ರೋಗ ಮರುಕಳಿಸುವುದು ಹದಿನೈದು ವರ್ಷಗಳಲ್ಲಿ ನೂರಕ್ಕೆ 15.9ರ ಬದಲು 21.4 ಆಗಿತ್ತು. ಸ್ತನವನ್ನು ಉಳಿಸಿದ ಉಪಕಾರಕ್ಕೆ ತೆತ್ತ ಬೆಲೆಯಿದು.

ಕಾರವಾರ ಅಂಕೋಲೆಗಳ ಕಡೆಯಿಂದ ನೋಡುವಾಗ ಈ ಲೆಕ್ಕ ಬೇರೆಯಾಗುತ್ತದೆಂಬುದು ನಮ್ಮ ಅಭಿಪ್ರಾಯ. ಸ್ತನವನ್ನು ಉಳಿಸಿಕೊಂಡವಳಿಗೆ ಕಿರಣಚಿಕಿತ್ಸೆ ಸಾಮಾನ್ಯವಾಗಿ ತಪ್ಪದು. ಅದು ವಾರಕ್ಕೆ ಐದು ದಿನದಂತೆ ಹಿಂದೆ ಐದಾರು ವಾರಗಳವರೆಗೆ ನಡೆಯುತ್ತಿತ್ತು. ಈಚೆಗೆ ಅನೇಕರಿಗೆ ಮೂರು ವಾರ ಸಾಲುತ್ತದೆ. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಜಿಲ್ಲೆಗೆ, 1941ರಲ್ಲಿ ಆರಂಭವಾದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಸ್ವಂತ ಪ್ರಾಂತದ್ದೇ ಆಗಿತ್ತು. 1956ರಲ್ಲಿ ರಾಜ್ಯ ಬದಲಾಯಿತು; ದೂರ ಬದಲಾಗಲಿಲ್ಲ. (ಆ ಆಸ್ಪತ್ರೆ 1962ರಿಂದ ಪರಮಾಣು ಶಕ್ತಿ ಇಲಾಖೆಗೆ ಸೇರಿದೆ. ಕಾರವಾರ ತಾಲ್ಲೂಕಿನ ಕೈಗಾ ಸ್ಥಾವರವೂ ಅದೇ ಇಲಾಖೆಯದು. ಇಲಾಖೆಯ ಒಂದು ಕೈ ಊರಿನ ಹತ್ತಿರಕ್ಕೆ ಬಂದಿತು, ಇನ್ನೊಂದು ಬರಲಿಲ್ಲ.) ಮುಂದೆ ಮಣಿಪಾಲ, ಹುಬ್ಬಳ್ಳಿಗಳ ದಾರಿ ತೆರೆಯಿತು. ಹುಬ್ಬಳ್ಳಿಗೆ ಅರಬೈಲು ಘಟ್ಟವನ್ನು ಹತ್ತಬೇಕು. ಹುಬ್ಬಳ್ಳಿ ಅಂಕೋಲೆ ರೈಲುಮಾರ್ಗವಾದರೋ 1990ರ ದಶಕದಿಂದ ಮಾತಿನಲ್ಲಿಯೇ ಓಡುತ್ತಿದೆ. ಗದ್ದೆಯ ಕೆಲಸವನ್ನೋ ಮೀನುಬುಟ್ಟಿಯನ್ನೋ ಬಿಟ್ಟು ಪರವೂರಿನ ಬಾಡಿಗೆ ಕೋಣೆಯಲ್ಲಿ ವಾರಗಟ್ಟಲೆ ತಂಗಲಾರದವಳು, ಗಂಟು ಕುಗ್ಗಿದ್ದರೂ ಸ್ತನವನ್ನು ಪೂರ್ತಿ ತೆಗೆಸಿಕೊಳ್ಳುವುದನ್ನೇ ಆರಿಸಿಕೊಂಡರೆ ಅದನ್ನು ಅಜ್ಞಾನವೆನ್ನಲಾಗದು.

ಇನ್ನೊಂದು ತೊಡಕೂ ಉಂಟು. ಮೊದಲೇ ಶಸ್ತ್ರಕ್ರಿಯೆಯಾದರೆ ಗಂಟು ಮೊದಲ ಪ್ರಯಾಣದಲ್ಲಿಯೇ ಹೊರಬೀಳುತ್ತದೆ. ಔಷಧವೇ ಮೊದಲಾದರೆ ತಿಂಗಳುಗಟ್ಟಲೆ ಅದು ದೇಹದಲ್ಲಿಯೇ ಉಳಿದು, ಪ್ರಾಯಶಃ 21 ದಿನಗಳಿಗೊಮ್ಮೆ ತಪ್ಪದೆ ಪ್ರಯಾಣ ಮಾಡಬೇಕಾಗುತ್ತದೆ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತು. ಆಗಸ್ಟ್ 7ರಂದು ಗೋವೆಯ ಕಡೆಗಿನ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಮಳೆಗಾಲದ ಕರಾವಳಿಯಲ್ಲಿ 21 ದಿನವೆಂಬ ಗಡುವು ಎಷ್ಟು ಗಟ್ಟಿಯೆಂಬುದನ್ನು ಇವು ತಿಳಿಸುತ್ತವೆ.

ಹೀಗಿದ್ದರೂ ಮುಂಚಿನ ಔಷಧವನ್ನು ಈ ಕಡೆಯವರಿಗೆ ಒಗ್ಗದ ವಿಧಾನವೆಂದು ತಳ್ಳಿಹಾಕಲು ನಾವು ಒಪ್ಪಲಾರೆವು. ಔಷಧದ ಬಳಿಕ ಉಳಿದ ರೋಗವನ್ನು ನೋಡಿ ಮುಂದಿನ ಮದ್ದನ್ನು ಆರಿಸಿದರೆ ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಫಲ ಹೆಚ್ಚೆಂಬುದು 2017 ಮತ್ತು 2019ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ಸಿದ್ಧವಾಗಿದೆ. ಈ ಲಾಭಕ್ಕೂ ಸ್ತನ ಉಳಿಯುವುದಕ್ಕೂ ಸಂಬಂಧವಿಲ್ಲ; ಪೂರ್ತಿ ತೆಗೆಸಿಕೊಂಡವಳಿಗೂ ಅದು ದೊರೆಯುತ್ತದೆ.

ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೂ ಜಿಲ್ಲೆಯ ಜನರು 2019ರಲ್ಲಿಯೂ 2022ರಲ್ಲಿಯೂ ಸುಸಜ್ಜಿತ ಆಸ್ಪತ್ರೆಗಾಗಿ ದನಿಯೆತ್ತಿದರು. 2025ರಲ್ಲಿ ರಾಜ್ಯ ಸರಕಾರವು ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ, ಔಷಧ ಪಡೆದು ಸಂಜೆಗೆ ಮನೆಗೆ ಮರಳುವಂಥ ಹಗಲು ಕೀಮೊಥೆರಪಿ ಕೇಂದ್ರಗಳನ್ನು ತೆರೆಯತೊಡಗಿತು. ಔಷಧದ ಸೀಸೆ ಘಟ್ಟ ಇಳಿದು ರೋಗಿಯಿದ್ದಲ್ಲಿಗೆ ಬರಬಲ್ಲದು. ಕಿರಣಯಂತ್ರಕ್ಕೆ ಕಟ್ಟಡವೂ ಭೌತವಿಜ್ಞಾನಿಯೂ ಬೇಕು.